ಬೆರಳೆತ್ತಿದ ಮೇಲೆ

ಗುತ್ತಲು ರಸ್ತೆಯ ನನ್ನ ರಿಪೇರಿ ಅಂಗಡಿಗೆ
ಆರ್ಕೆಸ್ಟ್ರಾದ ಅಫ್ಸರ್ ತನ್ನ ಹಳೇ ಸಿಂಥಸೈಜರನ್ನು
ಟಾರ್ಪಾಲಿನಲ್ಲಿ ಸುತ್ತಿ ತಂದ, ಕಂಕುಳಲ್ಲಿ ಕುರಿಮರಿ ತಂದಂತೆ.
"ಎಲ್ಲ ಸರಿ ಇದೆ ಅಣ್ಣ. ಸ್ವರ ಬಿಟ್ಟಾಗ ಮಾತ್ರ
ಟಕ್ ಅನ್ನುತ್ತೆ. ನಾಡಿದ್ದು ಪಾಂಡವಪುರದಲ್ಲಿ ಮದುವೆ."

ಎರಡು ಕೆಪಾಸಿಟರ್ ಬದಲಾಯಿಸಿದೆ. ಟಕ್.
ಸ್ಪೀಕರಿನ ತಂತಿಗೆ ಹೊಸದಾಗಿ ಬೆಸುಗೆ ಹಾಕಿದೆ. ಟಕ್.
ಟೀ ಆರಿತು.

ಬಾಗಿಲ ಬಳಿ ಸ್ಟೂಲಿನ ಮೇಲೆ ನೀರುಗಂಟಿ ಚಿಕ್ಕಬೋರಯ್ಯ,
ಟಾರ್ಚಿನ ಸ್ವಿಚ್ಚಿಗಾಗಿ ಕಾದು ಕೂತವರು,
ಮೂವತ್ತು ವರ್ಷ ನಾಲೆಯ ಏರಿ ಮೇಲೆ ರಾತ್ರಿ ನಡೆದವರು, ಕೇಳಿದರು:
"ಊದೋರಿಲ್ಲ, ಮೀಟೋರಿಲ್ಲ, ಚರ್ಮ ಇಲ್ಲ.
ಎಲ್ಲಿಂದ ಬತ್ತದೆ ಮಗ ಈ ದನಿ?"

ಆಸಿಲೇಟರ್ ಅಂದೆ. ಅವರು ಬೀಡಿ ಹಚ್ಚಿದರು.
ಆಮೇಲೆ ಸ್ಕ್ರೂಡ್ರೈವರಿನ ತುದಿ ಇಟ್ಟು ತೋರಿಸಿದೆ:
ಇಗೋ, ಬೆಂಕಿಕಡ್ಡಿಯ ತಲೆಯಷ್ಟಿರುವ ಇದರೊಳಗೆ ಕರೆಂಟು ತುಂಬುತ್ತದೆ,
ಅಂಚಿಗೆ ಬಂದದ್ದೇ ಒಮ್ಮೆಗೇ ಸುರಿದು ಬರಿದು,
ಮತ್ತೆ ತುಂಬುತ್ತದೆ, ಮತ್ತೆ ಬರಿದು,
ಸೆಕೆಂಡಿಗೆ ಇನ್ನೂರ ನಲವತ್ತು ಸಲ.
ಕಾಗದದಲ್ಲಿ ಬರೆದರೆ ಗರಗಸದ ಹಲ್ಲು. ಕಿವಿಗೆ ಅದೇ ಷಡ್ಜ.
ಅವಸರ ಇಮ್ಮಡಿಸಿದರೆ ಮೇಲಿನ ಷಡ್ಜ;
ಒಂದು ವೋಲ್ಟಿಗೆ ಒಂದು ಸ್ಥಾಯಿ, ಅಷ್ಟೇ ಲೆಕ್ಕ.

"ಅಂದ್ರೆ ಏತದ ಬಾನಿ," ಅಂದರು. "ತುಂಬಾದು, ಸುರಿಯಾದು."
ಹೂಂ ಅಂದೆ. ನನ್ನ ಬಳಿ ಅದಕ್ಕಿಂತ ಒಳ್ಳೆಯ ಹೋಲಿಕೆ ಇರಲಿಲ್ಲ.

ಬರೀ ಆ ದನಿ ಕೇಳಿಸಿದೆ. ಮುಖ ಕಿವುಚಿದರು.
ಹೌದು, ಅದು ಆಗಷ್ಟೇ ಹಿಂಡಿದ ಕಬ್ಬಿನ ಹಾಲು,
ಸಿಪ್ಪೆ, ಮಣ್ಣು, ಹಸುರು ಎಲ್ಲ ಅದರಲ್ಲೇ.
ಫಿಲ್ಟರಿನ ತಿರುಪು ಇಳಿಸುತ್ತ ಹೋದೆ:
ಮೊದಲು ಚೂಪು ಕಿರುಚು ಹೋಯಿತು, ಆಮೇಲೆ ತಗಡಿನ ನಾದ,
ಆಲೆಮನೆಯ ಕೊಪ್ಪರಿಗೆಯಿಂದ ಮಡ್ಡಿ ತೆಗೆದಂತೆ ತೆಗೆದೂ ತೆಗೆದೂ
ಕಡೆಗೆ ಉಳಿದದ್ದು ಕೊಳಲಿಗೆ ಹತ್ತಿರದ್ದೇನೋ ಒಂದು.
(ಕೊಳಲಲ್ಲ. ಆ ಸುಳ್ಳು ನಾನು ಹೇಳಲಾರೆ.)

"ಗಾಳಿನೇ ಬ್ಯಾಡ್ವಾ?"
ಬೇಕು. ಒಳಗೆಲ್ಲ ಮೂಕ ಇದು.
ಸ್ಪೀಕರಿನ ಕಾಗದ ಗಾಳಿಯನ್ನು ತಳ್ಳುವ ತನಕ
ಸದ್ದು ಅನ್ನುವುದೇ ಇಲ್ಲ ಇಲ್ಲಿ, ಸದ್ದಿನ ಲೆಕ್ಕ ಮಾತ್ರ.
ಕೈಯಿಡಿ ಅಂದೆ. ಇಟ್ಟರು.
"ಕಪ್ಪೆ ಗಂಟ್ಲು ಬಡ್ಕಂಡಂಗೆ," ನಕ್ಕರು.

ಅಷ್ಟರಲ್ಲಿ ನಾನು ಬೆರಳೆತ್ತಿದೆ. ಟಕ್.
ಕೈ ಹಿಂದಕ್ಕೆಳೆದರು, ಚೇಳು ಕುಟುಕಿದವರ ಹಾಗೆ.
"ಯಾಕ್ಲಾ ಹಂಗೆ ಒಂದೇ ಏಟ್ಗೆ ಮುಚ್ತೀಯ?
ತೂಬು ಮುಚ್ಚಾಕೂ ಒಂದು ರೀತಿ ಅದೆ.
ಜಡಿದು ಮುಚ್ಚುದ್ರೆ ನೀರು ಹಲಗೆಗೆ ತಲೆ ಚಚ್ಕತದೆ.
ಒಂದೊಂದೇ ಸುತ್ತು ಇಳಿಸ್ಬೇಕು.
ನೀ ಮುಚ್ಚುದ್ ಮ್ಯಾಲೂ ನಾಲೇಲಿರೋ ನೀರು ನಡೀತಾನೇ ಇರ್ತದೆ;
ಕೊನೇ ಗದ್ದೆಯೋರು ಉಣ್ಣಾದು ಅದನ್ನೇ ಕಣ್ಲಾ."

ನನ್ನ ಕೈ ತಾನಾಗಿ ಹೋಯಿತು
ಬಲಗಡೆ ಸಾಲಿನ ನಾಲ್ಕು ತಿರುಪುಗಳ ಕಡೆಗೆ:
ಸ್ವರ ಏಳುವುದಕ್ಕೊಂದು, ಇಳಿಯುವುದಕ್ಕೊಂದು, ನಿಲ್ಲುವುದಕ್ಕೊಂದು,
ಬಿಟ್ಟ ಮೇಲೆ ಆರುವುದಕ್ಕೊಂದು.
ನಾಲ್ಕನೆಯದು ಸೊನ್ನೆಯಲ್ಲಿ ಕೂತಿತ್ತು.
ಯಾವ ಛತ್ರದಲ್ಲಿ ಯಾವ ಮಗು ತಿರುಗಿಸಿತ್ತೋ.
ಕೂದಲೆಳೆಯಷ್ಟು ಮೇಲೆತ್ತಿದೆ.

ಷಡ್ಜ ಒತ್ತಿದೆ. ಬಿಟ್ಟೆ.
ದನಿ ಬಾಗಿಲು ದಾಟಿ, ಎಳನೀರಿನ ಗಾಡಿ ದಾಟಿ
ತೆಳುವಾಗುತ್ತ ಹೋಯಿತು.
ಎಲ್ಲಿ ಮುಗಿಯಿತೋ ನನಗೆ ತಿಳಿಯಲಿಲ್ಲ.
ಅವರು ಮಾತ್ರ ತಲೆ ವಾಲಿಸಿ
ಇನ್ನೂ ಸ್ವಲ್ಪ ಹೊತ್ತು ಕೇಳುತ್ತಿದ್ದರು.

ಅಫ್ಸರನ ಬಿಲ್ಲಿನಲ್ಲಿ ಎರಡು ಕೆಪಾಸಿಟರ್ ಎಂದು ಬರೆದೆ, ಹೊಡೆದು ಹಾಕಿದೆ.
ಟಾರ್ಚಿನ ದುಡ್ಡು ಬೇಡ ಅಂದೆ.
"ಸೆಲ್ಲು ನಂದೇ," ಎಂದು ಅವರು ಎದ್ದರು,
ಆ ಬಿಸಿಲಲ್ಲೇ ಒಮ್ಮೆ ಹೊತ್ತಿಸಿ ನೋಡಿ, ಆರಿಸಿದರು.