ಕಾಲಂ ಹದಿನೇಳು

ಲ್ಯಾಂಗ್‌ಫೋರ್ಡ್ ರಸ್ತೆಯಲ್ಲಿ, ವೀಸಾ ಆಫೀಸಿನ ಎದುರು,
ಎಳನೀರಿನವನ ಕೊಡೆಯ ನೆರಳಲ್ಲಿ ಕೂತು
ಮುಬೀನಾ ಫಾರಂ ಓದುತ್ತಾಳೆ, ನಾನು ಹೇಳುತ್ತೇನೆ.
ಹೆಸರು: ದಸ್ತಗೀರ್.
ಕಸುಬು: ಕುದುರೆಗೆ ಲಾಳ ಹೊಡೆಯುವುದು.
ಅದು ಪಟ್ಟಿಯಲ್ಲೇ ಇಲ್ಲವಂತೆ,
‘ಇತರೆ’ ಒತ್ತಿದಳು.

ಹದಿನಾರು ಕಾಲಂ ಸಲೀಸಾಗಿ ದಾಟಿದ ಬೆರಳು
ಹದಿನೇಳರಲ್ಲಿ ನಿಂತಿತು,
ಬೇಲಿ ಕಂಡ ಎಳೆಗುದುರೆಯ ಹಾಗೆ.
‘ಯಾವುದಾದರೂ ದೇಶದಲ್ಲಿ, ಎಂದಾದರೂ,
ಕೊಟ್ಟ ಅವಧಿ ಮೀರಿ ಉಳಿದಿದ್ದೀರಾ?’

ಉಳಿದಿದ್ದೀನಿ.
ಇಪ್ಪತ್ಮೂರು ದಿನ.

ಕ್ವೀನ್ಸ್ ರಸ್ತೆಯ ಏಜೆಂಟು ಹೇಳಿದ್ದ:
‘ಇಲ್ಲ ಅನ್ನಿ ಚಾಚಾ. ಹನ್ನೆರಡು ವರ್ಷ ಆಯ್ತು,
ಹಳೇ ಪಾಸ್‌ಪೋರ್ಟು ಮೂಲೆ ಕತ್ತರಿಸ್ಕೊಂಡು
ಬೀರುವಲ್ಲಿ ಮಲಗಿದೆ, ಯಾರು ಎಬ್ಬಿಸ್ತಾರೆ?
ಹೌದು ಅನ್ನಲೇಬೇಕು ಅಂದ್ರೆ ಕಾಯಿಲೆ ಅನ್ನಿ.
ಸರ್ಟಿಫಿಕೇಟು ನನ್ನ ಜವಾಬ್ದಾರಿ.’
ಎಂಟು ಸಾವಿರ. ರಸೀದಿ ಇಲ್ಲ.

ಈ ಊರಲ್ಲಿ ಅವಧಿ ಮೀರದವರು ಯಾರು?
ನೀಲಸಂದ್ರದ ನಮ್ಮ ಮನೆ ಹನ್ನೊಂದು ತಿಂಗಳ ಕರಾರಿನದು,
ಹತ್ತೊಂಬತ್ತು ವರ್ಷದಿಂದ ಇದ್ದೇವೆ.
ರೇಸ್‌ಕೋರ್ಸಿನ ಲೀಸೇ ಎಂದೋ ಮುಗಿದಿದೆ ಅಂತಾರೆ,
ಕುದುರೆಗಳಿಗೆ ಯಾರೂ ತಿಳಿಸಿಲ್ಲ.
ನೆಂಟ ಎದ್ದು ನಿಂತರೆ ಕೈ ಹಿಡಿದು ಕೂರಿಸುತ್ತೇವೆ,
ಇನ್ನೆರಡು ದಿನ ಇದ್ದು ಹೋಗಿ, ಅಂಥ ಅವಸರ ಏನು?

ಅಲ್ಲಿ ಹಾಗೆ ಯಾರೂ ಅನ್ನಲಿಲ್ಲ.
ಅದೂ ನಿಜ.

ಕಾರಣಕ್ಕೆ ಐನೂರು ಅಕ್ಷರ ಕೊಟ್ಟಿದ್ದಾರೆ.
ಬರ್ಕೋ ಮಗಳೇ:
ಐರ್ಲೆಂಡು, ಕಿಲ್ಡೇರ್ ಅನ್ನೋ ಊರು. ಮಾರ್ಚ್ ತಿಂಗಳು.
ಹುಲ್ಲಿನ ಮೇಲೆ ಕಲ್ಲುಪ್ಪು ಚೆಲ್ಲಿದ ಹಾಗೆ ಹಿಮ.
ಯಜಮಾನರು ಕೊಂಡ ಕುದುರೆಯನ್ನು ವಿಮಾನ ಹತ್ತಿಸಿದರು,
ಹಿಂದೆಯೇ ತಾವೂ ಹತ್ತಿದರು.
ನನ್ನ ಟಿಕೆಟ್ಟು ಜೇಬಲ್ಲೇ ಇತ್ತು.
ಪಕ್ಕದ ಲಾಯದಲ್ಲೊಂದು ಬೂದು ಹೆಣ್ಣು, ದಿನ ತುಂಬಿದ್ದು,
ನನ್ನದಲ್ಲ, ಯಜಮಾನರದ್ದೂ ಅಲ್ಲ.
ಸೀಳಿದ್ದ ಅದರ ಗೊರಸು ಕಟ್ಟಿದ್ದು ನಾನು, ಅಷ್ಟೆ.
ಇವತ್ತು ಹಾಕುತ್ತೆ, ನಾಳೆ ಹಾಕುತ್ತೆ ಅಂತ
ಹುಲ್ಲಿನ ಪೆಂಡಿಗೆ ಒರಗಿ ಕಾದೆ.
ಇಪ್ಪತ್ತೊಂದನೇ ರಾತ್ರಿ ಹಾಕಿತು.
ಮರಿ ಒಂದೇ ಗಂಟೆಯಲ್ಲಿ ಎದ್ದು ನಿಂತಿತು.
ನಾನು ಇನ್ನೂ ಎರಡು ದಿನ ಏಳಲಿಲ್ಲ.

‘ಅಬ್ಬಾಜಿ, ಇದನ್ನ ಯಾರು ನಂಬ್ತಾರೆ?’
ನಿಮ್ಮಮ್ಮನೇ ನಂಬಲಿಲ್ಲ.
ಯಾರವಳು ಅಂತ ಕೇಳಿದಳು.
ಬೂದು ಬಣ್ಣದವಳು ಅಂದೆ.
ಎಂಟು ದಿನ ಮಾತು ಬಿಟ್ಟಳು.

ಈಗ ಹೋಗುವ ಉದ್ದೇಶ?
ಕೇಳದೆಯೇ ‘ಪ್ರವಾಸ’ ಅಂತ ತುಂಬಿದ್ದಾಳೆ.
ಇರಲಿ. ಆ ಮರಿಗೆ ಈಗ ಹನ್ನೆರಡು,
ಓಟ ಮುಗಿಸಿ ಎಲ್ಲೋ ಮೇಯುತ್ತಿರಬೇಕು,
ಅದಕ್ಕೊಂದು ಕಾಲಂ ಇಲ್ಲ.
ಮರಳಿ ಬರುವುದಕ್ಕೆ ಪುರಾವೆ?
ನಾಡಿದ್ದು ಬೆಳಿಗ್ಗೆ ಐದಕ್ಕೆ ಮೂರು ಕುದುರೆ
ಕಾಲೆತ್ತಿ ಕಾಯುತ್ತವೆ.
ಅದರ ಜೆರಾಕ್ಸ್ ಹೇಗೆ ತೆಗೆಸಲಿ?

ಒತ್ತು, ಅಂದೆ. ಹೌದು ಅಂತ ಒತ್ತು.
ಒತ್ತಿದಳು. ಎಳನೀರಿನವ ಗಂಜಿ ಕೆರೆದುಕೊಟ್ಟ.

ಒಳಗೆ, ಗಾಜಿನ ಮೇಲೆ ಬೆರಳಿಟ್ಟರೆ ಯಂತ್ರ ಕೆಂಪಾಯಿತು.
ಮೂವತ್ತು ವರ್ಷ ಅರ ಹಿಡಿದು
ಗೆರೆಗಳೆಲ್ಲ ಸವೆದಿವೆ.
ಕೌಂಟರಿನ ಹುಡುಗಿ ಟಿಶ್ಯೂ ಕೊಟ್ಟಳು.
ಒರೆಸಿ ಇಟ್ಟೆ. ಮತ್ತೆ ಕೆಂಪು.
‘ಇನ್ನೊಂದ್ಸಲ, ಅಂಕಲ್.
ಗಟ್ಟಿಯಾಗಿ ಒತ್ತಿ. ತೆಗೀಬೇಡಿ,
ಇನ್ನೂ ಸ್ವಲ್ಪ ಹೊತ್ತು ಇರಲಿ.’