ಗಂಟೆಗೆ ಎರಡು ಬೆರಳು

ಸಂಜೆ ಎತ್ತಿ ನಿಲ್ಲಿಸಿದ್ದ ಕ್ರೇನಿನ ಬೂಮು
ಬೆಳಿಗ್ಗೆ ಶೆಡ್ಡಿನ ತಗಡಿಗಿಂತ ಒಂದು ಮೊಳ ಕೆಳಗಿತ್ತು.
ಲಿವರು ನಡುವಲ್ಲೇ ಇದೆ, ಕೀಲಿ ನನ್ನ ಜೇಬಲ್ಲಿ.
ನೆಲದ ಮೇಲೆ ಒಂದು ಹನಿ ಎಣ್ಣೆ ಇಲ್ಲ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಒಬ್ಬೊಬ್ಬರದು ಒಂದೊಂದು ತೀರ್ಪು.
ಪಂಪು ಹೋಗಿದೆ ಎಂದ ವೆಲ್ಡಿಂಗಿನವ.
ಎಣ್ಣೆಯೇ ನಕಲಿ ಎಂದ ಬ್ಯಾಟರಿ ಅಂಗಡಿಯವ.
ದೃಷ್ಟಿ ಎಂದ ಟಯರಿನವ, ಮುಂದಿನ ಗಾಲಿಗೆ
ನಿಂಬೆಹಣ್ಣು ಇಟ್ಟೇಬಿಟ್ಟ.
ನಾಳೆ ಆಯನೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಎತ್ತಬೇಕು.
ಮಾಲೀಕ ಕಲೀಮುಲ್ಲಾ ಸಾಹೇಬರು ಫೋನು ತೆಗೆದರು.

ಭದ್ರಾವತಿಯಿಂದ ಮೊಪೆಡ್ಡಿನಲ್ಲಿ ಬಂದರು ಅಣ್ಣೋಜಿ ರಾವ್,
ಕಾರ್ಖಾನೆಯ ಪ್ರೆಸ್ಸಿನ ಮುಂದೆ ಮೂವತ್ತು ವರ್ಷ ನಿಂತ ಮನುಷ್ಯ.
ಊಟದ ಡಬ್ಬಿಯ ಮೇಲಂತಸ್ತಿನಲ್ಲಿ ಚಿತ್ರಾನ್ನ,
ಕೆಳಗಿನದರಲ್ಲಿ ಪ್ರೆಶರ್ ಗೇಜು.

ಸ್ಪ್ಯಾನರ್ ಮುಟ್ಟಲಿಲ್ಲ.
ಟ್ಯಾಂಕಿಗೆ ಬೆರಳದ್ದಿ ಮೂಸಿದರು.
"ಮಜ್ಜಿಗೆ ಬಣ್ಣ ಇಲ್ಲ, ನೀರು ಸೇರಿಲ್ಲ.
ಸೀದ ವಾಸನೆನೂ ಇಲ್ಲ. ಸ್ಟಾರ್ಟ್ ಮಾಡು."
ಗಾಳಿ ನುಂಗುವ ಪಂಪು
ಡಬ್ಬದಲ್ಲಿ ಗೋಲಿ ಉರುಳಿಸುತ್ತದಂತೆ;
ಇದು ಉರುಳಿಸಲಿಲ್ಲ.
ಗೇಜು ಸಿಕ್ಕಿಸಿ ಬೂಮನ್ನು ಕೊನೆಮುಟ್ಟ ಎತ್ತಿಸಿದರು,
ಮುಳ್ಳು ಇನ್ನೂರ ಹತ್ತಕ್ಕೆ ಹೋಗಿ ನಿಂತಿತು.

"ಪಂಪು ಒತ್ತಡ ಹುಟ್ಸಲ್ಲ ಮಾರಾಯ,
ಬರೀ ಎಣ್ಣೆ ನೂಕ್ತದೆ.
ಎದುರಿಗೆ ಭಾರ ಕೂತಾಗ ತಾನೇ ಒತ್ತಡ?
ಎತ್ತೋನು ಒಬ್ಬ, ಹಿಡಿದು ನಿಲ್ಲೋನು ಇನ್ನೊಬ್ಬ.
ನಿಂದು ಎತ್ತೋ ಕಾಯಿಲೆ ಅಲ್ಲ."

ಹುಕ್ಕಿಗೆ ದಾರ ಕಟ್ಟಿ, ತುದಿಗೊಂದು ನಟ್ಟು ಇಳಿಬಿಟ್ಟು,
ಪಕ್ಕದಲ್ಲಿ ಅಳತೆಪಟ್ಟಿ ನಿಲ್ಲಿಸಿ
ನನ್ನನ್ನು ಕಾವಲು ಕೂರಿಸಿದರು. ಎಂಜಿನ್ ಆರಿಸಿದರು.
ಅವರು ಚಿತ್ರಾನ್ನ ತಿಂದರು, ಪೇಪರ್ ಮಡಚಿ ನೊಣ ಹೊಡೆದರು.
ಎರಡು ಬೆರಳು ಇಳಿದಿತ್ತು ಗಂಟೆಯಲ್ಲಿ.
ರೆಪ್ಪೆ ಮಿಟುಕಿಸದೆ ನೋಡಿದವನು ನಾನು,
ಇಳಿಯುವುದು ಮಾತ್ರ ಕಾಣಲಿಲ್ಲ.

ಬೂಮಿನ ಕೆಳಗೆ ಹಳೆ ರೈಲ್ವೆ ಸ್ಲೀಪರು ಪೇರಿಸಿದೆವು,
ನಾಲ್ಕು ಬೆರಳು ಸಂದು ಬಿಟ್ಟು. ಬಿದ್ದರೂ ಅಷ್ಟೇ ಬೀಳಲಿ.
"ಕಳ್ಳದಾರಿ ಎರಡೇ ಇರೋದು.
ಪಿಸ್ಟನ್ ಸೀಲು ಸವೆದಿದ್ರೆ
ಸಿಲಿಂಡರಿನ ಒಳಗೊಳಗೇ ಮೇಲಕ್ಕೆ ನುಸುಳ್ತದೆ.
ಇಲ್ಲಾಂದ್ರೆ ಬುಡದ ಹೋಲ್ಡಿಂಗ್ ವಾಲ್ವು ಬಾಯಿ ಮುಚ್ಚಿಲ್ಲ,
ಟ್ಯಾಂಕಿಗೆ ವಾಪಸ್ ಹೋಗ್ತದೆ."
ಮೇಲಿನ ಹೋಸು ಬಿಚ್ಚಿದರು:
ಒಳಗಿದ್ದ ಹಳೆಯದು ನಾಲ್ಕು ಹನಿ ಬಿದ್ದು ಒಣಗಿತು.
ವಾಲ್ವಿನಾಚೆಯ ಹೋಸು ಬಿಚ್ಚಿ ಟೀ ಲೋಟ ಹಿಡಿದರು.
ಟಪ್.
ನಾವು ಉಸಿರು ಬಿಡುವಷ್ಟು ಹೊತ್ತು.
ಟಪ್.

ಬೂಮನ್ನು ಸ್ಲೀಪರ ಮೇಲೆ ಕೂರಿಸಿ, ಒತ್ತಡವೆಲ್ಲ ಇಳಿಸಿ
ವಾಲ್ವು ಹೊರತೆಗೆದಾಗ
ಸೀಟಿನ ಅಂಚಿನಲ್ಲಿ ಉಗುರಿನ ಚೂರಿನಷ್ಟು ಬಿಳಿ.
ಟೆಫ್ಲಾನ್ ಟೇಪಿನ ಎಳೆ.

ಹೋದ ತಿಂಗಳು, ಹೊಸನಗರದಲ್ಲಿ, ಕತ್ತಲೆಯಲ್ಲಿ,
ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು
ಸೋರುವ ಫಿಟ್ಟಿಂಗಿಗೆ ಟೇಪು ಸುತ್ತಿದವನು ನಾನು.
ಎರಡು ಸುತ್ತು ಸಾಕಿತ್ತು, ಆರು ಸುತ್ತಿದ್ದೆ.
ಭದ್ರವಾಗಿರಲಿ ಅಂತ.

ರಾಯರು ಎಳೆಯನ್ನು ನನ್ನ ಹೆಬ್ಬೆರಳ ಮೇಲೆ ಅಂಟಿಸಿದರು.
ಯಾರು ಅಂತ ಕೇಳಲಿಲ್ಲ.
ಬಿಲ್ಲಿನಲ್ಲಿ ಬರೆದರು: ವಾಲ್ವಿನ ಕಸ ತೆಗೆದದ್ದು, ಆರುನೂರು.
"ಕಸ ಎಲ್ಲಿಂದ ಬಂತು?" ಎಂದರು ಸಾಹೇಬರು.
"ಹೊಟ್ಟೆಗೆ ಎಲ್ಲಿಂದ ಬರ್ತದೆ? ಬಾಯಿಂದಾನೇ,"
ಮೊಪೆಡ್ ಒದ್ದು ರಾಯರು ಹೊರಟೇಬಿಟ್ಟರು.

ನಾನೇ ಹೇಳಿದೆ, ಶಟರ್ ಎಳೆಯುವ ಹೊತ್ತಿಗೆ.
ಸಾಹೇಬರು ಗಾಲಿಯಡಿಯ ನಿಂಬೆಹಣ್ಣು ಎತ್ತಿ
ತಿರುಗಿಸಿ ನೋಡಿದರು.
"ಬೆಳಿಗ್ಗೆ ಆರಕ್ಕೆ ಬಾ."
ಅಷ್ಟೇ.

ಆಯನೂರಿನಲ್ಲಿ ಟ್ರಾನ್ಸ್‌ಫಾರ್ಮರ್ ನೆಲ ಬಿಟ್ಟು
ಒಂದು ಗೇಣು ಎದ್ದಿತು. ಲಿವರು ನಡುವಿಗೆ ತಂದೆ.
ಬೂಟಿನವರು, ಹೆಲ್ಮೆಟ್ಟಿನವರು, ಎಮ್ಮೆ ಕಾಯುವ ಹುಡುಗ,
ಎಲ್ಲರೂ ಮೇಲಕ್ಕೆ ನೋಡುತ್ತಿದ್ದರು.
ನಾನು ಅದರ ತಳಕ್ಕೂ ಮಣ್ಣಿಗೂ ನಡುವಿನ ಬೆಳಕನ್ನು.

"ಏನ್ರೀ, ಎತ್ರಿ ಮುಂದೆ," ಎಂದ ಎಂಜಿನಿಯರು.
ಇನ್ನೊಂದು ನಿಮಿಷ ಸಾರ್, ಎಂದೆ.