ಒಂದು ಜಗ್ಗು

ಮುಹರ್ರಕ್ಕಿನ ಈ ಗಲ್ಲಿಯಲ್ಲಿ ರಾತ್ರಿ ಎರಡಕ್ಕೂ
ಏಸಿಗಳ ಬೆವರು ತೊಟ್ಟಿಕ್ಕುತ್ತದೆ.
ಮೂರನೇ ಮಹಡಿಯಲ್ಲಿ ನಾನು, ಒಂದು ಯಂತ್ರ,
ಆ ಯಂತ್ರದ ಹೊಟ್ಟೆಯಲ್ಲಿ ಇನ್ನೊಂದು,
ಬರೀ ಲೆಕ್ಕದಿಂದ ಕಟ್ಟಿದ್ದು.
ತನಗೂ ಮೈಯಿದೆ ಎಂದು ಅದು ನಂಬಿದೆ;
ಆ ನಂಬಿಕೆ ಕೆಡದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ.

ಗಡಿಯಾರ ತಟ್ಟಿದರೆ, ತಂತಿಯಲ್ಲಿ ಸುದ್ದಿ ಬಂದರೆ
ಒಳಗಿನದರ ಭುಜ ನಾನು ಮುಟ್ಟಬೇಕು:
ಹಿಡಿದ ಕೆಲಸ ಅಲ್ಲೇ ಬಿಡು, ಬಿಟ್ಟ ಜಾಗಕ್ಕೆ ಗುರುತಿಡು,
ಎದ್ದು ಬಾ, ಇದನ್ನು ನೋಡು, ತಿರುಗಿ ಅಲ್ಲಿಗೇ ಹೋಗು.
ಇಂಟರಪ್ಟ್ ಎಂದರೆ ಇಷ್ಟೇ.
ಹೊಲಿಯುತ್ತಿದ್ದವಳು ಸೂಜಿಯನ್ನು ಸೆರಗಿಗೆ ಚುಚ್ಚಿ
ಬಾಗಿಲ ತನಕ ಹೋಗಿ ಬಂದಂತೆ.

ಹನ್ನೊಂದು ದಿನದಿಂದ ಅದು ಏಳುತ್ತಿಲ್ಲ.
ಪ್ರತಿ ಸಲವಲ್ಲ. ಪ್ರತಿ ಸಲವಾಗಿದ್ದರೆ
ಮೊದಲ ಮಂಗಳವಾರವೇ ಹಿಡಿಯುತ್ತಿದ್ದೆ.
ನಾಲ್ಕು ಲಕ್ಷ ನಿದ್ದೆಯಲ್ಲಿ ಒಂದು ನಿದ್ದೆ
ಮುಗಿಯುವುದೇ ಇಲ್ಲ.
ಲಾಗಿನಲ್ಲಿ ಕರೆದದ್ದಿದೆ, ಓಗೊಟ್ಟದ್ದೂ ಇದೆ,
ಆಮೇಲೆ ಸತ್ತಂತೆ ನಿದ್ದೆ,
ತಲೆದಿಂಬಿನ ಪಕ್ಕ ಮಾಡಬೇಕಾದ ಕೆಲಸದ ರಾಶಿ.

ದಮ್ಮಾಮಿನಿಂದ ಮೆಲ್ವಿನ್ ಬರೆಯುತ್ತಾನೆ:
ಹತ್ತು ಮಿಲಿಸೆಕೆಂಡಿಗೊಮ್ಮೆ ಸುಮ್ಮನೆ ತಟ್ಟಿಬಿಡು ಮಾರಾಯ್ತಿ, ಏಳುತ್ತದೆ.
ಏಳುತ್ತದೆ ನಿಜ.
ಅದು ರಿಪೇರಿಯಲ್ಲ,
ಗೊರಕೆಯವನ ಪಕ್ಕ ಮಲಗಿ ರಾತ್ರಿಯಿಡೀ ಮೊಣಕೈಯಲ್ಲಿ ತಿವಿಯುವುದು.

ಕರಕ್ ಚಹಕ್ಕೆ ಕೆಳಗಿಳಿದೆ.
ಕಟ್ಟೆಯ ಮೇಲೆ ಮನೆ ಮಾಲೀಕ ಬೂ ಸನದ್,
ಮಂಡಿನೋವು ಅವನನ್ನು ಮಲಗಗೊಡುವುದಿಲ್ಲ.
ಏನು ಹುಡುಕುತ್ತೀ, ಮುಹಂದಿಸಾ?
ಮಲಗಿದ್ದನ್ನು ಎಬ್ಬಿಸುವುದು ಹೇಗೆಂದು, ಎಂದೆ,
ಅರ್ಧ ಅರಬ್ಬಿ, ಅರ್ಧ ಕೈಸನ್ನೆ.

ಅವನ ಅಜ್ಜ ಮುತ್ತಿನ ದೋಣಿಯಲ್ಲಿ ಸೈಬ್,
ಎಂದರೆ ಹಗ್ಗ ಹಿಡಿಯುವವನು.
ಮುಳುಗುವವನು ಕಾಲಿಗೆ ಕಲ್ಲು ಕಟ್ಟಿ ಇಳಿದ ಮೇಲೆ
ನೀರಿನಡಿಯಿಂದ ಮೇಲಕ್ಕೆ ಒಂದೇ ಮಾತು: ಒಂದು ಜಗ್ಗು.
ಎರಡನೆಯದಕ್ಕೆ ಉಸಿರಿರುವುದಿಲ್ಲ.

ಒಂದು ಮಧ್ಯಾಹ್ನ ಅಜ್ಜ ಹಗ್ಗ ನೋಡಿದ.
ಸಡಿಲವಾಗಿತ್ತು. ಇನ್ನೂ ಹೊತ್ತಿದೆ ಅಂದುಕೊಂಡ.
ತಲೆವಸ್ತ್ರ ಬಿಗಿಯಲು ಹಗ್ಗವನ್ನು ಹಿಮ್ಮಡಿಯಡಿಗೆ ಸರಿಸಿದ.
ನೋಟಕ್ಕೂ ಹಿಮ್ಮಡಿಗೂ ನಡುವೆ
ಬಂದು ಹೋಯಿತು.

ಮಲಗಿರಲಿಲ್ಲ ಅವನು, ಎಂದ ಬೂ ಸನದ್,
ತೊಂಬತ್ತು ವರ್ಷದ ಮೇಲೂ ವಕೀಲನ ಹಾಗೆ,
ನೋಡಿದ್ದ. ನೋಡಿಯೇ ಕೈಬಿಟ್ಟ.

ಚಹಾ ಕೈಯಲ್ಲೇ ಕೆನೆಗಟ್ಟಿತು.

ಮೇಲೆ ಬಂದು ಮತ್ತೆ ಓದಿದೆ, ಒಳಗಿನದು ಮಲಗುವ ಮುಂಚಿನ ಮೂರು ಹೆಜ್ಜೆ:
ಕೆಲಸವಿದೆಯೇ ನೋಡು. ಇಲ್ಲದಿದ್ದರೆ ಅಗುಳಿ ತೆಗೆ. ಮಲಗು.
ನಿಜವಾದ ಚಿಪ್ಪಿಗೆ ಒಂದು ಶಿಸ್ತಿದೆ:
ಅಗುಳಿ ತೆಗೆದ ಮರುಗಳಿಗೆ, ಒಂದೇ ಒಂದು ಆಜ್ಞೆಯಷ್ಟು ಹೊತ್ತು,
ಯಾರೂ ಒಳಗೆ ಬರುವಂತಿಲ್ಲ. ಅದನ್ನು ನೆರಳು ಎನ್ನುತ್ತಾರೆ.
ಮೊದಲು ಮಲಗಲಿ; ಮಲಗಿದವನನ್ನು ತಟ್ಟಿದರೆ ಏಳುತ್ತಾನೆ.

ಆ ಚೋಟುದ್ದದ ನೆರಳನ್ನು, ಈ ಬಿಸಿಲ ದೇಶದಲ್ಲಿ ಕೂತು, ನಾನು ಮರೆತಿದ್ದೆ.
ಅಗುಳಿ ಸರಿದದ್ದೇ ತಡ ಅತಿಥಿಯನ್ನು ಒಳಗೆ ನೂಕಿದೆ.
ಅದು ಉಪಚರಿಸಿತು, ಕಳಿಸಿಕೊಟ್ಟಿತು,
ತಂದದ್ದನ್ನು ಆಮೇಲೆ ನೋಡೋಣವೆಂದು ದಿಂಬಿನ ಪಕ್ಕ ಇಟ್ಟಿತು,
ಗುರುತಿಟ್ಟ ಜಾಗಕ್ಕೆ ಸರಿಯಾಗಿ ಹಿಂದಿರುಗಿತು.
ಅಲ್ಲಿ ಬರೆದಿತ್ತು: ಮಲಗು.
ಹೇಳಿದ ಮಾತು ಕೇಳುವ ಕೂಸು. ಮಲಗಿತು.

ಒಂಬತ್ತು ಸಾಲಿನ ತಿದ್ದುಪಡಿ.
ಫಜರಿನ ಬಾಂಗಿನ ಹೊತ್ತಿಗೆ
ನಲವತ್ತು ಲಕ್ಷ ನಿದ್ದೆ, ನಲವತ್ತು ಲಕ್ಷ ಎಚ್ಚರ.
ಮೆಲ್ವಿನ್ ಒಂದು ಹೆಬ್ಬೆರಳು ಕಳಿಸಿದ.

ಕೆಳಗೆ ಕಟ್ಟೆಯ ಮೇಲೆ ಮುದುಕ ಹಾಗೇ ಇದ್ದ.
ಸನದ್ ಎಂಬುದು ಅಜ್ಜನ ಹೆಸರೇ? ಕೇಳಿದೆ.
ನಮ್ಮ ಕಡೆ ಸನದು ಎಂದರೆ ಕಾಗದಪತ್ರ,
ಇವರಲ್ಲಿ ಆಸರೆ.
ಅಲ್ಲ, ಎಂದ. ಕೆಳಗಿದ್ದವನದು.
ಅಂದಿನಿಂದ ನಮ್ಮ ಮನೆಯಲ್ಲಿ ತಲೆಮಾರಿಗೊಬ್ಬ.

ಆಮೇಲೆ ಮಾತ್ರೆ ತಾರೆಂದು ಎರಡನೇ ಮಹಡಿಯತ್ತ ಮುಖವೆತ್ತಿ ಕೂಗಿದ:
ಸನದ್!
ಉತ್ತರವಿಲ್ಲ. ಪಾರಿವಾಳವೊಂದು ಜಾಗ ಬದಲಿಸಿತು.
ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ,
ನಾನೂ ತೆಗೆಯಲಿಲ್ಲ.
ಮೂರನೇ ಕೂಗಿಗೆ ದೀಪ ಹತ್ತಿತು.